ಅನ್ನದ ಬಟ್ಟಲಲ್ಲಿ ಕುರೊಸಾವಾ: ಯಾದಗಿರಿ ಪಂಥದ ಸಿದ್ಧಾಂತ ಮಂಡನೆ

ಜಪಾನೀ ಚಲನಚಿತ್ರ ಮತ್ತು ಟಿ.ವಿ. ಧಾರಾವಾಹಿಗಳ ವಿಮರ್ಶೆಯಲ್ಲಿ ಈವರೆಗೆ ಎರಡು ಪಂಥಗಳು ಪ್ರಸಿದ್ಧವಾಗಿವೆ. ಪರದೆಯ ಮೇಲೆ ಯಾರಾದರೂ ಎರಡು ನಿಮಿಷ ಮಾತಾಡದೆ ಕೂತರೆ ಅಲ್ಲಿ ಝೆನ್ ಕಾಣುವವರದು ಮೌನ ಪಂಥ. ಯಾರಾದರೂ ಎದ್ದು ನಿಂತ ಕೂಡಲೇ ಸಮುರಾಯ್ ಧರ್ಮದ ಮೇಲೆ ಉಪನ್ಯಾಸ ಕೊಡುವವರದು ಕತ್ತಿ ಪಂಥ. ಎರಡರ ಆಚಾರ್ಯರೂ ಬೆಂಗಳೂರಿನಲ್ಲಿ ಎರಡು ಹೊತ್ತು ಅನ್ನ-ಸಾರು ಉಂಡು, ಫ್ಯಾನಿನ ಕೆಳಗೆ ಕೂತು ಬರೆದವರು. ದೋಷದ ಮೂಲ ಇಲ್ಲೇ ಇದೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಹೀಗಿದೆ: ಜಪಾನೀ ನಾಟಕದ ಮೂಲಧಾತು ಅಕ್ಕಿ, ಅಕ್ಕಿಯ ಬೆಲೆ ತಿಳಿಯಬೇಕಾದರೆ ಜೋಳ ತಿಂದು ಬೆಳೆದಿರಬೇಕು, ಆದಕಾರಣ ಈ ಶಾಸ್ತ್ರದಲ್ಲಿ ಅಧಿಕಾರವಿರುವುದು ಯಾದಗಿರಿ, ಶಹಾಪುರ, ಸುರಪುರದವರಿಗೆ ಮಾತ್ರ.

ಮೊದಲ ಪ್ರಮಾಣ ಜಪಾನೀ ನಿರ್ದೇಶಕ ಕುರೊಸಾವಾನ 1954ರ ‘ಸೆವೆನ್ ಸಮುರಾಯ್’. 207 ನಿಮಿಷಗಳ ಈ ಚಿತ್ರದ ಬಗ್ಗೆ ಬರೆದವರೆಲ್ಲ ಕೊನೆಯ ಮಳೆಯ ಕಾಳಗದಲ್ಲೇ ತೊಯ್ದು ನಿಂತಿದ್ದಾರೆ. ಕಥೆ ಹುಟ್ಟುವುದು ಮಾತ್ರ ಬಟ್ಟಲಿನಲ್ಲಿ. ದರೋಡೆಕೋರರ ಕಾಟಕ್ಕೆ ಸೋತ ರೈತರ ಹತ್ತಿರ ಕಾಸಿಲ್ಲ; ಹಸಿದ ಸಮುರಾಯ್‌ಗಳನ್ನೇ ಹುಡುಕಿಕೊಂಡು ಬನ್ನಿ ಎಂದು ಊರ ಮುದುಕ ಬುದ್ಧಿ ಹೇಳುತ್ತಾನೆ. ಪೇಟೆಗೆ ಹೋದ ರೈತರು ಕರೆತಂದವರಿಗೆ ಬಿಳಿ ಅನ್ನ ಬಡಿಸಿ ತಾವು ಕಿರುಧಾನ್ಯ ಬೇಯಿಸಿಕೊಂಡು ತಿನ್ನುತ್ತಾರೆ. ಅಲ್ಲೇ ತಂಗಿದ್ದ ಕೂಲಿಯವನೊಬ್ಬ ಈ ಗುಟ್ಟನ್ನು ರಟ್ಟು ಮಾಡಿದ ಮೇಲೆಯೇ ಮುಖಂಡ ಕಂಬೇಯಿ ಬಟ್ಟಲನ್ನು ಕೈಗೆತ್ತಿಕೊಂಡು ಒಪ್ಪುವುದು. ಮುಂದೆ ರೈತ ಯೋಹೇಯಿಯ ವಶದಲ್ಲಿದ್ದ ಅಕ್ಕಿ ಕಳುವಾದಾಗ ಅವನು ನೆಲಕ್ಕೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಾನೆ. ಕತ್ತಿ ಪಂಥದ ವಿಮರ್ಶಕ ಈ ಹೊತ್ತಿಗೆ ಫೋನು ನೋಡುತ್ತಿರುತ್ತಾನೆ. ಶಹಾಪುರದ ನೋಡುಗ ಹಾಗೆ ಮಾಡಲಾರ. ಅನ್ನದ ಎಸರು ಕುದಿಯಿತೆಂದರೆ ಒಂದೋ ಹಬ್ಬ, ಇಲ್ಲವೇ ಬೀಗರು ಎಂದು ಓಣಿಯೆಲ್ಲ ಊಹಿಸುತ್ತಿದ್ದ ಕಾಲ ಅವನ ಮನೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಚಿತ್ರ ಮುಗಿಯುವುದೂ ಭತ್ತದ ನಾಟಿಯಲ್ಲೇ; ಗೆದ್ದವರು ರೈತರು, ನಾವಲ್ಲ ಎಂದು ಕಂಬೇಯಿ ಒಪ್ಪಿಕೊಳ್ಳುತ್ತಾನೆ. (ಬೆಂಬಲ ಬೆಲೆಯ ಪ್ರಸ್ತಾಪ ಚಿತ್ರದಲ್ಲಿಲ್ಲದ್ದರಿಂದ ಈ ತೀರ್ಮಾನವನ್ನು ನಮ್ಮ ಪಂಥ ಷರತ್ತಿನ ಮೇಲೆ ಮಾತ್ರ ಸ್ವೀಕರಿಸುತ್ತದೆ.)

ಎರಡನೆಯ ಪ್ರಮಾಣ ಧಾರಾವಾಹಿಯದು. ಜಪಾನಿನ ಟಿ.ವಿ. ಸಂಸ್ಥೆ ಎನ್‌ಎಚ್‌ಕೆ 1983ರ ಏಪ್ರಿಲ್‌ನಲ್ಲಿ ಶುರುಮಾಡಿದ ‘ಓಶಿನ್’ ಹದಿನೈದು ನಿಮಿಷಗಳ 297 ಕಂತುಗಳಷ್ಟು ಉದ್ದ. ಇಷ್ಟೂ ಕಣ್ಣೀರಿನ ಬುಡದಲ್ಲಿರುವುದು ಒಂದು ಮೂಟೆ ಅಕ್ಕಿ: ಏಳು ವರ್ಷದ ಹುಡುಗಿಯನ್ನು ಅದಕ್ಕಾಗಿ ಒಂದು ವರ್ಷದ ಜೀತಕ್ಕೆ ಕಳಿಸುತ್ತಾರೆ. ಅದೇ 1980ರ ದಶಕದಲ್ಲಿ ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆ ಸುರಪುರ-ಶಹಾಪುರದ ಹೊಲಗಳಿಗೆ ಕೃಷ್ಣೆಯ ನೀರು ತಂದಿತು; ಜೋಳ, ತೊಗರಿಯ ಕರಿಮಣ್ಣಿನಲ್ಲಿ ಭತ್ತ ನಿಂತಿತು. ಇದನ್ನು ಕಾಕತಾಳೀಯ ಎನ್ನುವವರು ಇತಿಹಾಸದ ಚಲನಶಕ್ತಿಯನ್ನು ಅರಿಯದವರು. ಗಮನಿಸಬೇಕಾದ್ದು ಮುಂದಿನ ಹಂತ: ಬೆಳೆದ ಭತ್ತವನ್ನು ಗಿರಣಿಗೆ ಸಾಗಿಸಿ, ರೈತ ಮನೆಗೆ ಬಂದು ಜೋಳದ ರೊಟ್ಟಿ, ಶೇಂಗಾ ಹಿಂಡಿಗೆ ಕೂಡುತ್ತಾನೆ. ಕುರೊಸಾವಾನ ರೈತ ಬಡತನದಿಂದ ಮಾಡಿದ್ದನ್ನು ನಮ್ಮವನು ರುಚಿಯಿಂದ ಮಾಡುತ್ತಾನೆ. ವಿಮರ್ಶಕನಿಗೆ ಬೇಕಾದ ನಿರ್ಲಿಪ್ತತೆ ಎಂದರೆ ಇದೇ. ಅನ್ನವನ್ನು ಬಲ್ಲ, ಬೆಳೆಯಬಲ್ಲ, ಆದರೆ ಅದಕ್ಕೆ ಸೋಲುವುದಿಲ್ಲ.

ಈಗ ಪೂರ್ವಪಕ್ಷ. ಇನ್ನೊಬ್ಬ ಜಪಾನೀ ನಿರ್ದೇಶಕ ಓಝುವಿನ ಚಿತ್ರಗಳಲ್ಲಿ ಅಕ್ಕಿಗಿಂತ ರೈಲು ಹೆಚ್ಚಲ್ಲವೇ ಎಂದು ಕೇಳುತ್ತಾರೆ. ಗಂಡ-ಹೆಂಡತಿ ರಾತ್ರಿ ಅಡುಗೆಮನೆ ಹುಡುಕಾಡಿ ಅನ್ನಕ್ಕೆ ಹಸಿರು ಚಹಾ ಸುರಿದು ಉಂಡು ಒಂದಾಗುವ 1952ರ ಓಝು ಚಿತ್ರದ ಹೆಸರಲ್ಲೇ ಅನ್ನವಿದೆ ಎಂಬುದು ಒಂದು ಉತ್ತರ. ಮರುವರ್ಷದ ‘ಟೋಕಿಯೋ ಸ್ಟೋರಿ’ಯಲ್ಲಿ ರೈಲಿದೆ, ನಿಜ, ಮುದಿ ತಂದೆ-ತಾಯಿ ಮಕ್ಕಳನ್ನು ನೋಡಲು ರಾಜಧಾನಿಗೆ ಹೋಗಿ, ಮಕ್ಕಳಿಗೆ ಪುರುಸೊತ್ತಿಲ್ಲದೆ ಬಿಸಿನೀರಿನ ಬುಗ್ಗೆಯ ಊರಿಗೆ ಸಾಗಹಾಕಲ್ಪಡುತ್ತಾರೆ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಕಟ್ಟಡ ಕೆಲಸಕ್ಕೆ ಗುಳೆ ಹೋದ ಮಗನನ್ನು ನೋಡಲು ಹೊರಡುವವರಿಗೆ ಬುಗ್ಗೆಯೂ ಸಿಗುವುದಿಲ್ಲ, ತಗಡಿನ ಶೆಡ್ಡಿನಲ್ಲಿ ಜಾಗ ಸಿಕ್ಕರೆ ಪುಣ್ಯ. ಓಝು ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿದ್ದಕ್ಕೆ ಮೌನ ಪಂಥದವರು ತತ್ವಜ್ಞಾನ ಹುಡುಕಿದ್ದಾರೆ. ನೆಲಕ್ಕೆ ಕೂತು ಉಣ್ಣುವವನ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆಂದು ಅವರು ಅಳೆದಿದ್ದರೆ ಬಹಳ ಕಾಗದ ಉಳಿಯುತ್ತಿತ್ತು. ‘ತಂಪೊಪೊ’ ಚಿತ್ರ ಶಾವಿಗೆಯ ಬಗ್ಗೆ ಅಲ್ಲವೇ ಎಂಬ ಆಕ್ಷೇಪಕ್ಕೆ, ಶಾವಿಗೆ ಹಬ್ಬದ ಅಡುಗೆ, ಸಿದ್ಧಾಂತಕ್ಕೆ ಬಾಧಕವಲ್ಲ ಎಂದಷ್ಟೇ ಸಾಕು. ಮಂಡ್ಯದ ಮುದ್ದೆಯವರ ಹಕ್ಕುಬಾಧ್ಯತೆ ಉಪಸಮಿತಿಯ ಪರಿಶೀಲನೆಯಲ್ಲಿದೆ.

ಕಠಿಣವಾದ ಆಕ್ಷೇಪ ಕುರೊಸಾವಾನದೇ ‘ರಾಶೊಮಾನ್’ನದು. 1951ರಲ್ಲಿ ವೆನಿಸ್‌ನ ಚಿನ್ನದ ಸಿಂಹ ಗೆದ್ದ ಈ ಚಿತ್ರದಲ್ಲಿ ಅನ್ನದ ಮಾತಿಲ್ಲ. ಒಂದು ಸಾವು, ಅದಕ್ಕೆ ನಾಲ್ಕು ಹೇಳಿಕೆಗಳು. ಇಲ್ಲಿ ಅಕ್ಕಿಯ ಪ್ರಮೇಯವನ್ನು ಬದಿಗಿಟ್ಟು ಸುರಪುರದ ದಫ್ತರ ತೆರೆಯಬೇಕು. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು ಸೆರೆಯಾದ ರಾಜಾ ವೆಂಕಟಪ್ಪನಾಯಕ ಸೆರೆವಾಸಕ್ಕೆ ಹೋಗುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡ. ತಾನೇ ಹೊಡೆದುಕೊಂಡ ಎಂದು ಸರ್ಕಾರಿ ಪಕ್ಷ. ಅದು ಆಕಸ್ಮಿಕವೋ ಬೇಕೆಂದು ಮಾಡಿಕೊಂಡದ್ದೋ ಎಂದು ಇನ್ನೊಂದು ಚರ್ಚೆ. ಬ್ರಿಟಿಷರೇ ಕೊಂದರು ಎಂದು ಊರಿನ ನಂಬಿಕೆ. ಅವನನ್ನು ಬಾಲ್ಯದಿಂದ ಬಲ್ಲ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಆತ್ಮಕಥೆಯಲ್ಲಿ ಮಮತೆಯಿಂದಲೇ ಬರೆದಿದ್ದಾನೆ, ಆದರೆ ಅವನೂ ಕಂಪನಿಯ ಪಕ್ಷದ ಸಾಕ್ಷಿ. ‘ರಾಶೊಮಾನ್’ನ ಮೂಲ ಕಥೆಯನ್ನು ಅಕುತಗಾವಾ ಬರೆದದ್ದು 1922ರಲ್ಲಿ, ಅಂದರೆ ಸುರಪುರಕ್ಕಿಂತ 64 ವರ್ಷ ತಡವಾಗಿ. ಅಷ್ಟೇ ಅಲ್ಲ, 1705ರಲ್ಲಿ ಔರಂಗಜೇಬ್ ಖುದ್ದಾಗಿ ಬಂದು ಸುರಪುರ ಸೀಮೆಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಸಿಕ್ಕಿತು, ಬೇಡರ ದೊರೆ ಪಿಡ್ಡನಾಯಕ ಸಿಗಲಿಲ್ಲ. ಮೊಗಲರ ಬರಹಗಾರರಿಗೆ ಬೇಡರು ದರೋಡೆಕೋರರು, ಸುರಪುರಕ್ಕೆ ಅವರೇ ಕಾವಲಿನವರು. ಸಮುರಾಯ್ ಯಾರು, ಡಕಾಯಿತ ಯಾರು ಎಂಬುದು ಲೇಖನಿ ಯಾರ ಕೈಯಲ್ಲಿತ್ತೆಂಬುದರ ಮೇಲೆ ಹೋಗುತ್ತದೆ. ಇದನ್ನು ಕಲಿಯಲು ಸುರಪುರದವರು ಜಪಾನಿನ ಸಬ್‌ಟೈಟಲ್ ಓದಬೇಕಾಗಿಲ್ಲ.

ಕುರೊಸಾವಾನ ಪ್ರೇರಣೆಯಿಂದ ಗಿರೀಶ್ ಕಾರ್ನಾಡರು 1978ರಲ್ಲಿ ತೆಗೆದ ‘ಒಂದಾನೊಂದು ಕಾಲದಲ್ಲಿ’ ಮಲೆನಾಡಿನ ಹಸಿರಿನಲ್ಲಿದೆಯಲ್ಲ ಎಂದು ಕೆಲವರು ಕೊನೆಯ ಬಾಣ ಬಿಡುತ್ತಾರೆ. ಚಿತ್ರ ಚೆನ್ನಾಗಿದೆ, ಶಂಕರ್‌ನಾಗ್ ಅದ್ಭುತ. ಕುರೊಸಾವಾನದೇ ‘ಯೊಜಿಂಬೊ’ ನೋಡಿದವರಿಗೆ ಮಾತ್ರ ಬಿರುಗಾಳಿ, ಧೂಳು, ಒಂದೇ ಬೀದಿಯಲ್ಲಿ ಎರಡು ಪಾರ್ಟಿ, ಎರಡೂ ಪಾರ್ಟಿಯಿಂದ ಮುಂಗಡ ಇಸಿದುಕೊಳ್ಳುವ ಒಬ್ಬ ಜಾಣ ನೆನಪಿರಬೇಕು. ಪಂಚಾಯಿತಿ ಚುನಾವಣೆಯ ಕಾಲ ನಮ್ಮ ಕಡೆ ಹೇಗಿರುತ್ತದೆಂದು ಅಂಥವರಿಗೆ ಬಿಡಿಸಿ ಹೇಳಬೇಕಿಲ್ಲ. ಆದುದರಿಂದ ಚಿತ್ರೋತ್ಸವ ನಡೆಸುವವರಲ್ಲಿ ಈ ಪಂಥದ ವಿನಂತಿ: ಇನ್ನು ಮುಂದೆ ಜಪಾನೀ ಚಿತ್ರಗಳಿಗೆ ತೀರ್ಪುಗಾರರನ್ನು ನೇಮಿಸುವಾಗ ಕಾಲುವೆಯ ಕೊನೆಯ ಭಾಗದ, ನೀರು ಇನ್ನೂ ತಲುಪದ ಹೊಲದ ರೈತರೊಬ್ಬರನ್ನು ಸೇರಿಸಿರಿ. ಸ್ಲೀಪರ್ ಟಿಕೇಟು ಸಾಕು, ಊಟದ ವ್ಯವಸ್ಥೆ ಬೇಡ. ರೊಟ್ಟಿ ಅವರೇ ಕಟ್ಟಿಕೊಂಡು ಬರುತ್ತಾರೆ.