ರತ್ನಗಂಬಳಿ ಮೀಮಾಂಸೆ

ನೆಲಹಾಸಿನ ಎಳೆಯನ್ನು ಅರಿಯಲು ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಶಬ್ದ. ಶಬ್ದವೆಂದರೆ ಅಂಗಡಿಯವನ ಮಾತು. 'ಪ್ಯೂರ್ ಉಲ್ಲನ್ ಸಾರ್' ಎಂಬುದು ಅದರ ಮಹಾವಾಕ್ಯ. ಆಪ್ತನ ಮಾತು ಮಾತ್ರ ಪ್ರಮಾಣವೆಂದು ನೈಯಾಯಿಕರು ವಿಧಿಸಿರುವುದರಿಂದ ಇದು ಇಲ್ಲಿಗೇ ಬಿತ್ತು. ಪ್ರತ್ಯಕ್ಷವೂ ಸಾಲದು. ಅಕ್ರಿಲಿಕ್ ಮುಟ್ಟಿದರೆ ಉಣ್ಣೆ, ವಿಸ್ಕೋಸ್ ನೋಡಿದರೆ ರೇಷ್ಮೆ, ಎರಡೂ ಮಾಯೆ.

ಉಳಿದದ್ದು ಅನುಮಾನ. ಪ್ರಾಚೀನರು ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ನಾವು ಬೆಂಕಿಯನ್ನು ನಾವೇ ಹಚ್ಚಿ, ಹೊಗೆಯಿಂದ ಎಳೆಯನ್ನು ಊಹಿಸುತ್ತೇವೆ. ಅಂಚಿನ ಒಂದೆಳೆ ಕಿತ್ತು ಕಡ್ಡಿ ಗೀರತಕ್ಕದ್ದು. ಕೂದಲು ಸುಟ್ಟ ನಾತ ಬಂದು, ಉರಿ ತಾನಾಗಿ ಆರಿ, ಕರಕು ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆಯಾದರೆ ಹತ್ತಿ ಅಥವಾ ಸೆಣಬು. ವಿಸ್ಕೋಸಿನದೂ ಅದೇ ವಾಸನೆಯಾದ್ದರಿಂದ ಅಲ್ಲಿ ಹೇತ್ವಾಭಾಸ. ಕರಗಿ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಯೆಸ್ಟರ್ ಮೊದಲಾದ ರಾಸಾಯನಿಕ ಗೋತ್ರ. ಈ ಪ್ರಯೋಗವನ್ನು ಹಣ ಕೊಟ್ಟ ಮೇಲೆ ಮಾಡಿದರೆ ಜ್ಞಾನಪ್ರಾಪ್ತಿ. ಕೊಡುವ ಮೊದಲೇ ಮಾಡಿದರೆ ಅಂಗಡಿಯಿಂದ ಉಚ್ಚಾಟನೆ.

ಇನ್ನು ರಚನಾಭೇದ. ಹಾಸನ್ನು ಮಗುಚತಕ್ಕದ್ದು. ಬೆನ್ನಿನಲ್ಲೂ ಅದೇ ಹೂಬಳ್ಳಿ ಗಂಟುಗಂಟಾಗಿ ಕಂಡರೆ ಕೈಗಂಟಿನದು; ಅಂಟು ಬಳಿದ ಬಟ್ಟೆ ಕಂಡರೆ ಟಫ್ಟೆಡ್, ಅಂದರೆ ಎಳೆಯನ್ನು ಸೂಜಿಯಿಂದ ಚುಚ್ಚಿ ಅಂಟಿನಿಂದ ಹಿಡಿದಿಟ್ಟದ್ದು. ಕುಣಿಕೆಗಳನ್ನು ಕತ್ತರಿಸದೆ ಬಿಟ್ಟರೆ ಲೂಪ್; ಬೆಕ್ಕಿರುವ ಮನೆಗೆ ನಿಷಿದ್ಧ. ಕತ್ತರಿಸಿದರೆ ಕಟ್ ಪೈಲ್. ಮೆತ್ತಗಿರುತ್ತದೆ, ಆದರೆ ನಡೆದವರ ಹೆಜ್ಜೆಗಳ ಲೆಕ್ಕ ಇಡುತ್ತದೆ.

ಗಂಟಿನ ಹಾಸು ಶಾಶ್ವತವೆಂಬ ವಾದಕ್ಕೆ ಆಧಾರ ಪಾಜಿರಿಕ್ ಹಾಸು. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಉಣ್ಣೆಯ ಹಾಸು 1949ರಲ್ಲಿ ಸೈಬೀರಿಯಾದ ಸಮಾಧಿಯೊಂದರ ಹಿಮದಲ್ಲಿ ಸಿಕ್ಕಿತು. ಇದರಿಂದ ಸಿದ್ಧವಾಗುವುದಿಷ್ಟೇ: ಹಾಸು ಬಾಳಬೇಕಾದರೆ ಮಂಜುಗಡ್ಡೆಯಲ್ಲಿ ಹೂತು, ಯಾರೂ ತುಳಿಯದಂತೆ ನೋಡಿಕೊಳ್ಳಬೇಕು.

ಪೂರ್ವಪಕ್ಷಿ ಕೇಳುತ್ತಾನೆ: ಗಂಟೂ ಇಲ್ಲದ, ಕುಣಿಕೆಯೂ ಇಲ್ಲದ ನವಲಗುಂದದ ಜಮಖಾನೆಯ ಗತಿಯೇನು? ಉತ್ತರ: ಅದು ಹತ್ತಿಯದು, ಚಪ್ಪಟೆ ನೇಯ್ಗೆಯದು, ನೇಯುವವರು ಹೆಂಗಸರು. ಕಸುಬು ಮನೆ ದಾಟಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿ ಅಲ್ಲಿತ್ತು ಎನ್ನುತ್ತಾರೆ. ಅತ್ತೆ-ಸೊಸೆಯರಿಂದ ಶಾಸ್ತ್ರವೊಂದು ಉಳಿದ ಇನ್ನೊಂದು ನಿದರ್ಶನ ಈ ಲೇಖಕನಿಗೆ ಸಿಕ್ಕಿಲ್ಲ. ಎರಡೂ ಮಗ್ಗುಲು ಒಂದೇ ಆದ್ದರಿಂದ, ಸಾರು ಚೆಲ್ಲಿದಾಗ ಮಗುಚಿ ಹಾಸಬಹುದು. ಹತ್ತಿಯು ಸಾರನ್ನು ಆಚೆ ಮಗ್ಗುಲಿಗೂ ದಾಟಿಸುತ್ತದಲ್ಲ ಎಂಬ ಆಕ್ಷೇಪಕ್ಕೆ ಅತ್ತೆಯರಲ್ಲಿ ಸಮಾಧಾನವಿದೆ; ಅದನ್ನು ಅವರು ಸೊಸೆಗೆ ಮಾತ್ರ ಹೇಳುತ್ತಾರೆ.