ಕಾವಿಗೆ ಕೂರುವವರು ಯಾರು?

ಮನೆಯಲ್ಲೇ ಮರಿ ಮಾಡಿಸಹೊರಟವರು ಮೊದಲು ವಿಚಾರಿಸುವುದು ಇನ್‌ಕ್ಯುಬೇಟರಿನ ಬೆಲೆ. ನನ್ನ ವೋಟು ಮಾತ್ರ ನಾಟಿ ಹೇಂಟೆಗೆ. ಮೊಟ್ಟೆಗೆ 21 ದಿನ ಸುಮಾರು 37.5 ಡಿಗ್ರಿ ಶಾಖ ಬೇಕು, ಮೊದಲ 18 ದಿನ ದಿನಕ್ಕೆ ಹಲವು ಸಲ ಹೊರಳಿಸಬೇಕು, ತೇವವೂ ಹದವಾಗಿರಬೇಕು. ಪೆಟ್ಟಿಗೆ ಇದನ್ನೆಲ್ಲ ಮಾಡೀತು, ಕರೆಂಟು ಇದ್ದರೆ. ಹೇಂಟೆಗೆ ಲೋಡ್‌ಶೆಡ್ಡಿಂಗ್ ಇಲ್ಲ. ಒಂದು ಬುಟ್ಟಿ, ಹಿಡಿ ಹುಲ್ಲು, ಪಕ್ಕದಲ್ಲಿ ಕಾಳು-ನೀರು ಸಾಕು. ಮರಿಗಳಿಗೆ ಬಲ್ಬು ಕಟ್ಟುವ ಕೆಲಸವೂ ಉಳಿಯಿತು. ಗಿರಿರಾಜ ಕೋಳಿ ಕಾವಿಗೇ ಕೂರುವುದಿಲ್ಲವಲ್ಲ ಎನ್ನುತ್ತೀರಿ. ನಿಜ, ಬೆಂಗಳೂರಿನಲ್ಲಿ ರೂಪುಗೊಂಡ ಆ ತಳಿಗೆ ಅಷ್ಟು ವ್ಯವಧಾನವಿಲ್ಲ. ಅದರ ಮೊಟ್ಟೆಯನ್ನು ನಾಟಿಯ ಹೊಟ್ಟೆಯಡಿ ಸರಿಸಿ. ಅದು ಜಾತಕ ಕೇಳುವುದಿಲ್ಲ. ಹತ್ತು-ಹನ್ನೆರಡಕ್ಕಿಂತ ಹೆಚ್ಚು ಹಿಡಿಸದೆಂಬ ಆಕ್ಷೇಪವೂ ಸರಿಯೇ. ಹಿತ್ತಲಿಗೆ ಅಷ್ಟು ಸಾಲದೆ? ಹೆಚ್ಚುಕಮ್ಮಿ ಅರ್ಧ ಹುಂಜಗಳಾಗಿ ನಸುಕಿಗೇ ಓಣಿಯನ್ನೆಲ್ಲ ಎಬ್ಬಿಸಿದಾಗ, ಉತ್ತರವನ್ನು ಪಕ್ಕದ ಮನೆಯವರೇ ಬಂದು ಹೇಳುತ್ತಾರೆ.