ಈಗ ತಾನೆ ಇತ್ತು ಸಾರ್

ಹಕ್ಕಿ ನೋಡುವವರ ಹೊಟ್ಟೆ ಉರಿಸಲು ಬೈಯಬೇಕಾಗಿಲ್ಲ. "ಈಗ ತಾನೆ ಇತ್ತು ಸಾರ್, ಹಾರಿಹೋಯ್ತು" ಅಂದರೆ ಸಾಕು. ನಮ್ಮ ಪಕ್ಕದ ಮನೆ ರಾಯರು ಈ ಮಾತು ಕೇಳಿಕೊಂಡೇ ಎಷ್ಟೋ ಚಳಿಗಾಲ ಕಳೆದಿದ್ದಾರೆ.

ಬ್ಯಾಂಕಿನಿಂದ ರಿಟೈರಾದ ಮೇಲೆ ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡವರು. ನವೆಂಬರ್ ಬಂತೆಂದರೆ ಭಾನುವಾರ ಕತ್ತಲಲ್ಲೇ ಎದ್ದು, ಮಫ್ಲರ್ ಸುತ್ತಿಕೊಂಡು ನಂದಿಬೆಟ್ಟಕ್ಕೆ ಹೊರಡುತ್ತಾರೆ. ಬಿಸಿಲೇರಿದ ಮೇಲೆ ವಾಪಸಾಗಿ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುತ್ತಾರೆ. "ಸಿಕ್ತಾ ರಾಯರೇ?" ಅಂತ ನಾನು. "ಕೇಳಿಸ್ತು" ಅಂತ ಅವರು. ಹಕ್ಕಿ ನೋಡುವವರ ಲೆಕ್ಕದಲ್ಲಿ ಇದು ಗ್ರೇಸ್ ಮಾರ್ಕ್ಸ್ ಸಿಕ್ಕ ಹಾಗೆ. ಪಾಸಲ್ಲ, ಆದರೆ ಫೇಲ್ ಅಂತ ಯಾರೂ ಅನ್ನುವಂತಿಲ್ಲ.

ಇಷ್ಟೆಲ್ಲ ಆಟ ಆಡಿಸುತ್ತಿರುವುದು ಇಂಡಿಯನ್ ಬ್ಲೂ ರಾಬಿನ್ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿ. ಬೇಸಿಗೆಯಲ್ಲಿ ಹಿಮಾಲಯದಲ್ಲಿ ಮರಿ ಮಾಡಿ, ಚಳಿಗೆ ಪಶ್ಚಿಮ ಘಟ್ಟ, ಶ್ರೀಲಂಕಾ ಕಡೆಗೆ ಇಳಿದು ಬರುತ್ತದೆ. ನಂದಿಬೆಟ್ಟದ ನೆತ್ತಿ 1478 ಮೀಟರ್ ಎತ್ತರ. ಮೇಲೆ ಮಂಜು, ತೇವ, ನೆರಳು. ಕೆಲವು ಹಕ್ಕಿಗಳಿಗೆ ಚಳಿಗಾಲ ಕಳೆಯಲು ಅಷ್ಟೇ ಸಾಕು. ಗಂಡಿಗೆ ನೀಲಿ ಬೆನ್ನು, ಕಿತ್ತಳೆ ಎದೆ, ಕಣ್ಣಿನ ಮೇಲೆ ತೀಡಿದಂಥ ಬಿಳಿ ಹುಬ್ಬು. ಇಷ್ಟೊಂದು ಬಣ್ಣ ಕೊಟ್ಟ ದೇವರು ಅದಕ್ಕೆ ಪೊದೆಯ ಬುಡ ಬಿಟ್ಟು ಹೊರಗೆ ಬರುವ ಬುದ್ಧಿ ಕೊಡಲಿಲ್ಲ. ಉದ್ದ ಕಾಲಲ್ಲಿ ಕುಪ್ಪಳಿಸುತ್ತ, ಬಾಲ ಅಲುಗಿಸುತ್ತ, ತರಗೆಲೆ ಮಗುಚಿ ಹುಳ ತಿನ್ನುತ್ತಿರುತ್ತದೆ. ತಿಳಿದವರು ಇದನ್ನು ತೀರಾ ಅಪರೂಪ ಅನ್ನುವುದೂ ಇಲ್ಲ. ವರ್ಷಾ ವರ್ಷಾ ಬರುತ್ತದೆ, ಅಲ್ಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬೆಟ್ಟಕ್ಕೆ ಬಂದ ಜನವೆಲ್ಲ ಸೂರ್ಯೋದಯಕ್ಕೆ ಮೊಬೈಲ್ ಹಿಡಿದು ಪೂರ್ವಕ್ಕೆ ತಿರುಗಿದ್ದರೆ, ನಮ್ಮ ಗುಂಪು ಸೂರ್ಯನಿಗೆ ಬೆನ್ನು ಹಾಕಿ ಕಸದ ಗುಡ್ಡೆಯ ಪಕ್ಕದ ಒಂದು ಪೊದೆಯನ್ನು ದಿಟ್ಟಿಸುತ್ತಿತ್ತು. ದಾರಿಹೋಕ ಹುಡುಗನೊಬ್ಬ ಬಂದು ಪಿಸುಗುಟ್ಟಿದ, "ಚಿರತೆನಾ ಅಂಕಲ್?" ಸಣ್ಣ ಹಕ್ಕಿ ಅಂದಾಗ ನಮ್ಮನ್ನು ಕನಿಕರದಿಂದ ನೋಡಿ ಬಜ್ಜಿ ಅಂಗಡಿ ಕಡೆ ಹೋದ.

ಅಷ್ಟರಲ್ಲಿ ಯಾರೋ "ಅಲ್ಲಿ!" ಅಂದರು. ಎಲ್ಲಿ? "ಆ ಹಸಿರು ಎಲೆ ಇದೆಯಲ್ಲ, ಅದರ ಹಿಂದೆ." ಇಡೀ ಬೆಟ್ಟವೇ ಹಸಿರು ಎಲೆ ಮಾರಾಯ್ರೆ! ಮಂಜಿಗೆ ಬೈನಾಕ್ಯುಲರಿನ ಗಾಜು ಮಬ್ಬಾಗಿತ್ತು. ರಾಯರು ಮಫ್ಲರಿನ ತುದಿಯಿಂದ ಒರೆಸಿ ಕಣ್ಣಿಗೆ ಹಿಡಿಯುವ ಹೊತ್ತಿಗೆ ಕಂದು ಬಣ್ಣದ ಏನೋ ಒಂದು ಬಾಲ ಅಲುಗಿಸಿ ಒಳಗೆ ಸರಿಯಿತು. "ಹೆಣ್ಣು ರಾಬಿನ್ನೇ ಸಾರ್, ಹೆಣ್ಣು ಕಂದು ಬಣ್ಣದ್ದೇ. ಬರ್ಕೊಳ್ಳಿ" ಎಂದರು ಜೊತೆಯವರು. ರಾಯರು ಬರೆದುಕೊಳ್ಳಲಿಲ್ಲ. ಕೊಕ್ಕು ನೋಡಿಲ್ಲ, ಕಾಲು ನೋಡಿಲ್ಲ, ಬಾಲ ನೋಡಿ ಹೇಗೆ ಸಹಿ ಹಾಕಲಿ ಅಂದರು. ಬ್ಯಾಂಕಿನ ಅಭ್ಯಾಸ.

ಮನೆಯಲ್ಲಿ ಅವರ ಹೆಂಡತಿಯದೂ ಅದೇ ವಾದ. "ಕಂಡಿತು ಅಂತ ಆ ಇ-ಬರ್ಡ್ ವೆಬ್‌ಸೈಟಿಗೆ ಹಾಕಿಬಿಡಿ. ಯಾರು ಬಂದು ಕೇಳ್ತಾರೆ? ಭಾನುವಾರ ತರಕಾರಿ ತರೋಕಾದ್ರೂ ಕೈಗೆ ಸಿಗ್ತೀರಿ."

ರಾಯರು ಆಗ ಗೂಬೆಯ ಕಥೆ ತೆಗೆಯುತ್ತಾರೆ. ಫಾರೆಸ್ಟ್ ಔಲೆಟ್ ಅಂತ ಮಧ್ಯ ಭಾರತದ ಒಂದು ಸಣ್ಣ ಗೂಬೆ. 1884ರ ಮೇಲೆ ಯಾರ ಕೈಗೂ ಸಿಕ್ಕಿರಲಿಲ್ಲ. ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಕರ್ನಲ್ ಮಾತ್ರ 1914ರಲ್ಲಿ ಗುಜರಾತಿನಲ್ಲಿ ತನಗೆ ಸಿಕ್ಕಿತೆಂದು ಒಂದು ಹಕ್ಕಿಯ ಚರ್ಮ ತೋರಿಸಿದ್ದ. ಅಸಲಿಗೆ ಅದು ಲಂಡನ್ನಿನ ಮ್ಯೂಸಿಯಮ್ಮಿನಿಂದ ಕದ್ದ ಹಳೆಯ ಹಕ್ಕಿ. ಚೀಟಿ ಮಾತ್ರ ಹೊಸದು. ಆ ಚೀಟಿ ನಂಬಿ ಹೋದವರಿಗೆ ಗೂಬೆ ಹೇಗೆ ಸಿಗಬೇಕು? ಪಮೇಲಾ ರಾಸ್ಮುಸೆನ್ ಎಂಬ ಅಮೆರಿಕದ ಪಕ್ಷಿತಜ್ಞೆ ಕರ್ನಲ್ಲನ ಚೀಟಿಯನ್ನು ಪಕ್ಕಕ್ಕಿಟ್ಟು, ಹಳೆಯ ಪ್ರಾಮಾಣಿಕ ಚೀಟಿಗಳಲ್ಲಿದ್ದ ಊರು ಹುಡುಕಿಕೊಂಡು ಹೋದರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಹಾಡಹಗಲೇ ಗೂಬೆ ಮರದ ಮೇಲೆ ಕೂತಿತ್ತು.

"ನೋಡಿ, ಒಬ್ಬ ಕಂಡೆ ಅಂತ ಸುಳ್ಳು ಬರೆದರೆ ಎಷ್ಟು ಜನ ತಪ್ಪು ಊರಲ್ಲಿ ಅಲೀಬೇಕು" ಅಂತ ರಾಯರು ಬೆರಳೆತ್ತಿ ನನ್ನ ಕಡೆ ನೋಡಿದರು. ನನಗೆ ಅವರ ಮಾತು ಸರಿ ಅನ್ನಿಸಿತು. ಊರಲ್ಲಿ ಎಲ್ಲರೂ ಎಲ್ಲವನ್ನೂ ಕಂಡವರೇ. ಕಾಣಲಿಲ್ಲ ಅಂತ ಮಫ್ಲರ್ ಬಿಚ್ಚುತ್ತ ಹೇಳುವವರು ಇವರೊಬ್ಬರೇ.

ಒಳಗಿನಿಂದ ದನಿ ಬಂತು, "ಅದೆಲ್ಲ ಇರಲಿ, ಆ ಕರ್ನಲ್ಲು ಮನೆಗೆ ತರಕಾರಿ ತರ್ತಿದ್ನಾ ಕೇಳಿ."

ರಾಯರು ಚೀಲ ತೆಗೆದುಕೊಂಡು ಹೊರಟರು. ಗೇಟಿನ ಹತ್ತಿರ ನಿಂತು ನನಗೆ ಮಾತ್ರ ಕೇಳುವ ಹಾಗೆ, "ಮುಂದಿನ ವಾರ ಭಾನುವಾರದ ಬದಲು ಗುರುವಾರವೇ ಹೋಗಿಬರೋಣ ಕಣ್ರೀ, ಜನ ಕಡಿಮೆ ಇರುತ್ತೆ" ಅಂದರು.